ಲಾಕರಿನಲ್ಲಿ ಉಳಿದ ಪಂಪ್

ರೇಣವ್ವ, ಆ ದಿನ ನಿನ್ನ ಉಸಿರು ಕಟ್ಟಿದ್ದು ಥೈರಾಯ್ಡಿನಿಂದಲ್ಲ, ನನ್ನಿಂದ. ಥೈರಾಯ್ಡ್ ಎಂದು ಬರೆದವಳೂ ನಾನೇ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ — ಬೊಮ್ಮಸಂದ್ರದ ಆ ಮಾತ್ರೆ ಕಾರ್ಖಾನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದಾಗ ನನ್ನ ಬಾಯಿಗೆ ನೀವೆಲ್ಲ ಹೇಗೆ ಹೆದರುತ್ತಿದ್ದಿರಿ ಎಂದು ನಿನಗೇ ಗೊತ್ತು.

ಒಳಗೆ ಹೋಗುವಾಗ ಬಳೆ, ಮೊಬೈಲ್, ಔಷಧ ಏನೂ ಮೈಮೇಲಿರಬಾರದು, ಎಲ್ಲ ಲಾಕರಿಗೆ. ಉಬ್ಬಸದವರಿಗೆ ಮಾತ್ರ ಒಂದು ವಿನಾಯಿತಿ ಇತ್ತು. ಸೂಪರ್‌ವೈಸರ್ ಚೀಟಿಗೆ ಸಹಿ ಹಾಕಿದರೆ ಬಾಯಿಗೆ ಹಿಡಿದು ಎಳೆದುಕೊಳ್ಳುವ ಇನ್‌ಹೇಲರ್ ಪಂಪನ್ನು ಬಾಗಿಲ ಪಕ್ಕದ ಕಪಾಟಿನಲ್ಲಿ ಇಡಬಹುದಿತ್ತು. ನೀನು ಚೀಟಿ ಹಿಡಿದು ಬಂದೆ.

"ಮೇಡಂ, ಬ್ಯಾರೆ ಏನಿಲ್ರಿ, ಪಂಪ್ ಒಂದ್ ಕೈಗೆ ಸಿಗೂ ಹಂಗ ಇರ್ಲಿ. ನಿನ್ನೆಯಿಂದ ಎದಿ ಬಿಗೀತೈತ್ರಿ."

ಆ ವಾರ ಆಡಿಟ್‌ನವರು ಬರುವವರಿದ್ದರು. ಕಪಾಟು ಚೊಕ್ಕಟವಾಗಿ, ಖಾಲಿಯಾಗಿ ಕಾಣಬೇಕು ಎನ್ನುವುದೊಂದೇ ನನ್ನ ತಲೆಯಲ್ಲಿ.

"ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿದೀಯ ತಾನೆ? ಎರಡೂ ಗಂಟಲಿನ ಕಾಯಿಲೇನೇ. ಅದೇ ಸಾಕು, ಹೋಗು."

ಓದಿದವಳು ಬೇರೆ ನಾನು! ಥೈರಾಯ್ಡ್ ಮಾತ್ರೆ ಉಬ್ಬಸ ತಡೆಯುವುದಿಲ್ಲ, ಅದು ನುಂಗಿದೆನೆಂದು ಪಂಪ್ ಬಿಡುವ ಹಾಗಿಲ್ಲ — ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಹನ್ನೊಂದರ ಸುಮಾರಿಗೆ ನೀನು ಯಂತ್ರದ ಪಕ್ಕ ಕುಸಿದೆ. ತುಟಿ ಕಪ್ಪಿಟ್ಟಿತ್ತು. ಲಾಕರಿಗೆ ಓಡಿ, ಪಂಪ್ ತಂದು, ನಾನೇ ನಿನ್ನ ಬಾಯಿಗೆ ಹಿಡಿದೆ. ಒಂದು ಸಲ, ಇನ್ನೊಂದು ಸಲ — ನಿಧಾನಕ್ಕೆ ಉಸಿರು ಬಂತು. ಕಣ್ಣಾರೆ ಕಂಡೆ, ರೇಣವ್ವ. ಕಂಡೂ ಮಧ್ಯಾಹ್ನ ವರದಿಯಲ್ಲಿ "ಥೈರಾಯ್ಡ್ ನಿಶ್ಶಕ್ತಿಯಿಂದ ಕುಸಿದಳು" ಎಂದು ಬರೆದೆ. ನಿನ್ನ ಚೀಟಿಯನ್ನು ಹರಿದು ಬಿಸಾಕಿದೆ.

ಆ ಸಾಲು ನೋಡಿಯೇ ನಿನ್ನನ್ನು ಕೆಲಸದಿಂದ ತೆಗೆದರು. ನನಗೆ? ಜೀವ ಉಳಿಸಿದವಳೆಂದು ಶಾಲು ಹೊದಿಸಿ, ಚಪಾತಿ ಡಬ್ಬಿಯೊಂದನ್ನು ಕೊಟ್ಟರು. ಹೊರಡುವ ದಿನ ನೀನು ನನ್ನ ಕೈ ಹಿಡಿದುಕೊಂಡೆ. "ನೀವ್ ಓಡಿ ಬಂದ್ರಿ ಅಂತ ಉಳದ್ನಿರಿ ಮೇಡಂ." ಥೂ ನನ್ನ ಜನ್ಮಕ್ಕೆ — ನಾನು "ಹುಷಾರು" ಎಂದು ತಲೆಯಾಡಿಸಿದೆ.

ಆಮೇಲೆ ಎಂಟು ವರ್ಷ ಹಾಯಾಗಿ ನಿದ್ದೆ ಮಾಡಿದೆ. ಇದರಲ್ಲಿ ಸುಳ್ಳು ಹೇಳುವುದಿಲ್ಲ.

ಮೊನ್ನೆ ಮಹದೇವಪುರದ ಬಸ್ ಸ್ಟಾಪಿನಲ್ಲಿ ನೀನೇ ನನ್ನ ಗುರುತು ಹಿಡಿದು ಮಾತಾಡಿಸಿದೆ. ಮನೆಗೆಲಸ ಮಾಡಿಕೊಂಡಿದ್ದೀಯಂತೆ. ಮತ್ತೆ ಯಾವ ಕಾರ್ಖಾನೆಗೂ ಯಾಕೆ ಸೇರಲಿಲ್ಲ ಎಂದು ನಾನು ಕೇಳಿದೆ.

"ಥೈರಾಯ್ಡ್ ಐತಿ, ಮಷೀನ್ ಮ್ಯಾಲ ಬೀಳ್ತೀನಿ ಅಂತ ನಾನ ಮೊದ್ಲ ಹೇಳಿಬಿಡ್ತೀನ್ರಿ. ಮೋಸ ಮಾಡಬಾರ್ದಲ್ರಿ. ಆಮ್ಯಾಲ ಯಾರೂ ತಗೊಳ್ಳಂಗಿಲ್ಲ."

ನನ್ನ ಸುಳ್ಳನ್ನು ನಂಬಿ, ಗೇಟಿನಿಂದ ಗೇಟಿಗೆ ನೀನೇ ಹೊತ್ತು ತಿರುಗಿದ್ದೀಯ. ಆಗಲಾದರೂ ಹೇಳಬೇಕಿತ್ತು — ಬಸ್ ಬಂತು, ಹತ್ತಿದೆ.

ನಿನ್ನೆ ಕಂಪನಿಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಶಾಲು, ಡಬ್ಬಿ ಎರಡನ್ನೂ ಅವರ ಮೇಜಿನ ಮೇಲಿಟ್ಟು ಬಂದೆ. ಬರೆದುಕೊಟ್ಟದ್ದರ ಪ್ರತಿ ಈ ಕಾಗದದ ಜೊತೆಗಿದೆ, ಯಾವ ಗೇಟಿನಲ್ಲಾದರೂ ಧೈರ್ಯವಾಗಿ ತೋರಿಸು. ಯಾರಾದರೂ ಕೇಳಿದರೆ ನನ್ನನ್ನು ಕರೆಸು, ಬಂದು ಎದುರಿಗೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಂದು ನಿನಗೆ ಬೇಕಾಗಿದ್ದದ್ದು ನನ್ನದೊಂದು ಸಹಿ. ಕೆಳಗೆ ಹಾಕಿದ್ದೇನೆ.