ಕೊನೆಯ ಡಬ್ಬಿ ದಾಟುವ ತನಕ

ಅವರ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತಾರು ವರ್ಷ ಹಾರೆ, ಸುತ್ತಿಗೆ ಹೊತ್ತು ರೈಲು ಹಳಿಗುಂಟ ನಡೆದ ಭುಜ ಅದು. ಬನಿಯನ್ನಿನ ಅಂಚಿನಲ್ಲಿ ಎತ್ತಿನ ಹೆಗಲಿನ ಹಾಗೆ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ವಾಡಿಯ ಡಾಂಬರು ರಸ್ತೆಯ ಮೇಲೂ ಅವರು ಹಳಿಯಡಿಯ ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಕಾಲಿಡುವವರಂತೆ ಒಂದೇ ಅಳತೆಯ ಹೆಜ್ಜೆ ಹಾಕುತ್ತಿದ್ದರು, ತಲೆ ತಗ್ಗಿಸಿ, ನೆಲ ನೋಡುತ್ತ. ಎದುರಿಗೆ ಬಂದವರು ನಮಸ್ಕಾರ ಅಂದರೆ ಮೊದಲು ಅವರ ಕಾಲು ನೋಡಿ ಆಮೇಲೆ ಮುಖ ನೋಡುವರು.

ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗಿಗೆ ಮುಕಾದಮರಾಗಿ, ಅಂದರೆ ಹತ್ತು ಹನ್ನೆರಡು ಆಳುಗಳ ಮೇಲಿನ ಮೇಸ್ತ್ರಿಯಾಗಿ, ನಿವೃತ್ತರಾದವರು. ಓಣಿಗೆಲ್ಲ ಮುಕಾದಮ ಕಾಕಾ. ವಾಡಿಯಿಂದ ಚಿತ್ತಾಪುರದ ಕಡೆಗಿನ ಆರು ಕಿಲೋಮೀಟರು ಅವರ ಬೀಟು. "ನನ್ನ ಬೀಟಿನಾಗ ಒಂದು ಗಾಡಿನೂ ಪಟ್ರಿ ಬಿಟ್ಟು ಕೆಳಗ ಇಳದಿಲ್ಲ" ಎಂಬ ಮಾತನ್ನು ಮದುವೆ ಮನೆಯಲ್ಲೂ ಹೇಳುವರು, ಸಾವಿನ ಮನೆಯಲ್ಲೂ ಹೇಳುವರು. ಜಂಬದ ಮನುಷ್ಯ. ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕು, ಬೇಡವೆಂದು ಹೇಳಿದವರ ಮೇಲೆ ಸಿಟ್ಟು. ತಾವು ಹೇಳಿದ್ದೇ ಆಗಬೇಕು. ಹುಣ್ಣಿಮೆಗೊಮ್ಮೆ ಬಿಳಿ ಅಂಗಿ ತೊಟ್ಟು ಬುದ್ಧ ವಿಹಾರಕ್ಕೆ ಹೋಗುವಾಗ ಮಾತ್ರ ಬಾಯಿ ಸ್ವಲ್ಪ ಮೆತ್ತಗಿರುತ್ತಿತ್ತು.

ಅವರು ವಾಸವಿದ್ದ ಮಗಳ ಮನೆ, ನಮ್ಮ ಬಾಡಿಗೆ ಮನೆ ಒಂದೇ ಗೋಡೆಯವು. ನನ್ನ ಗಂಡ ಸಿಮೆಂಟು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ನಾನು ಚಿತ್ತಾಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವವಳು, ಶಿಕ್ಷಕಿಯಾದ್ದರಿಂದ ಓಣಿಗೆಲ್ಲ ಬಾಯಾರು. ನಾಲ್ಕು ವರ್ಷ ಬೆಳಗಿನ ಪ್ಯಾಸೆಂಜರಿನಲ್ಲಿ ಅವರ ಆರು ಕಿಲೋಮೀಟರಿನ ಮೇಲೆಯೇ ಹೋಗಿ ಬಂದಿದ್ದೆ. ಯಾರು ಕಾಯ್ದ ಹಳಿ ಎಂದು ಕೇಳಿದವಳಲ್ಲ.

ಒಂದು ಮಳೆಗಾಲ ಜ್ವರ ಬಂತು. ಜ್ವರ ವಾರದಲ್ಲಿ ಹೋಯಿತು, ದಣಿವು ಹೋಗಲಿಲ್ಲ. ದಣಿವು ಅಂದರೆ ಜನರಿಗೆ ತಿಳಿಯುವ ದಣಿವಲ್ಲ. ತಲೆ ಬಾಚಿಕೊಂಡು ಅರ್ಧ ದಿನ ಮಲಗಬೇಕು. ಮಲಗಿ ಎದ್ದರೂ ಮಲಗದವಳ ಹಾಗೆ ಇರಬೇಕು. ಹದಿನೇಳರ ಮಗ್ಗಿ ಮಧ್ಯದಲ್ಲಿ ಮರೆತು ನಿಂತಾಗ ಮಾತ್ರ ನಾನು ನಿಜವಾಗಿ ಹೆದರಿದೆ. ಸೇಡಂ, ಶಹಾಬಾದ, ಕಲಬುರಗಿ, ಎಲ್ಲ ಕಡೆ ರಕ್ತ ಕೊಟ್ಟು ಬಂದೆವು. ಎಲ್ಲ ರಿಪೋರ್ಟೂ ನಾರ್ಮಲ್. ಕೊನೆಗೆ ಕಲಬುರಗಿಯ ಒಬ್ಬ ವೈದ್ಯೆ ಇದು ದೀರ್ಘಕಾಲದ ದಣಿವಿನ ಕಾಯಿಲೆ, ಇದಕ್ಕೆಂದೇ ಮಾತ್ರೆ ಇಲ್ಲ, ಮೈ ಮೀರಿ ಏನೂ ಮಾಡಬೇಡಿ, ಸ್ವಲ್ಪ ಸ್ವಲ್ಪವೇ ಮಾಡಿ ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಐನಾಪುರದಿಂದ ನನ್ನ ಅತ್ತೆ ಮನೆ ನೋಡಿಕೊಳ್ಳಲು ಬಂದರು. ಅವರು ಕೆಟ್ಟವರಲ್ಲ. ಆದರೆ ಹೆರಿಗೆಯಾದ ಹನ್ನೆರಡನೆಯ ದಿನಕ್ಕೆ ಹೊಲಕ್ಕೆ ಹೋದ ಹೆಂಗಸು. "ಕಾಗದದಾಗ ಏನೂ ಇಲ್ಲ ಅಂತಾವ, ಮತ್ತ ನಿನಗ ಆಗಿದ್ದರ ಏನವ್ವಾ?" ಎಂದು ಕೇಳುವರು. ನಾನು ರಜೆಯ ಮೇಲೆ ರಜೆ ಹಾಕುತ್ತಿದ್ದೆ, ನೌಕರಿಗೆ ರಾಜೀನಾಮೆ ಕೊಡುವ ಮಾತು ಮನೆಯಲ್ಲಿ ಶುರುವಾಯಿತು. ಗಂಡ ಅದನ್ನು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು, ಅದೇ ನನಗೆ ಹೆಚ್ಚು ಉರಿಯುತ್ತಿತ್ತು. ನನಗೆ ಬೇಕಾಗಿದ್ದುದು ಒಂದೇ, ಮತ್ತೆ ಕರಿಹಲಗೆಯ ಮುಂದೆ ಹೋಗುವುದು.

ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಮನೆ ಮೂವತ್ತು ಹೆಜ್ಜೆ ಇರುವಾಗ ಚರಂಡಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಹೋಗುವ ಬರುವವರೆಲ್ಲ ನೋಡಿದರು. ನಾಚಿಕೆಗೆ ಏಳಲು ಹೊರಟೆ.

"ಏಳಬ್ಯಾಡ್ರಿ ಬಾಯಾರ," ಎಂದಿತು ಒಂದು ದನಿ. "ಗಾಡಿ ನಿಂತದ ಅಂದ್ರ ನಿಂದ್ರಲಿಕ್ಕ ಕಾರಣ ಇರ್ತದ."

ಮುಕಾದಮ ಕಾಕಾ ನನ್ನ ಪಕ್ಕ, ಎರಡು ಮೊಳ ಬಿಟ್ಟು, ಕೂತುಬಿಟ್ಟರು. ಏನಾಯಿತು ಎಂದು ಕೇಳಲಿಲ್ಲ, ನೀರು ತರಲು ಓಡಲಿಲ್ಲ. ಬೀಡಿ ಹಚ್ಚಿ, ಯಾರಾದರೂ ನಿಂತು ನೋಡಿದರೆ "ಏನು ನೋಡಾಕತ್ತೀರಿ, ಹೋಗ್ರಿ" ಎಂದು ಗದರಿಸುತ್ತ, ನಾನಾಗಿ ಏಳುವ ತನಕ ಕೂತಿದ್ದರು. ಎಂಟು ತಿಂಗಳಲ್ಲಿ ನನ್ನ ದಣಿವನ್ನು ಪ್ರಶ್ನೆ ಇಲ್ಲದೆ ಒಪ್ಪಿಕೊಂಡ ಮೊದಲ ಮನುಷ್ಯ ಅವರು. ನಾನು ಮನೆಗೆ ಬಂದು ಅತ್ತುಬಿಟ್ಟೆ.

ಆದರೆ ಅವರಿಂದ ನಾನು ಪಾಠ ಕಲಿತದ್ದು ಎಳ್ಳಮಾಸಿಯ ಮೇಲೆ. ಆ ಅಮಾವಾಸ್ಯೆಯ ಹಿಂದಿನ ವಾರ ಮೈ ಹಗುರಾಗಿತ್ತು. ಕಾಯಿಲೆ ಹೋಯಿತು ಎಂದೇ ತಿಳಿದೆ. ಅತ್ತೆಗೆ ತೋರಿಸಿಯೇ ಬಿಡಬೇಕೆಂದು ಹಬ್ಬದ ಮುಂಜಾನೆ ಒಲೆಯ ಮುಂದೆ ಕೂತು ನಲವತ್ತು ಸಜ್ಜೆ ರೊಟ್ಟಿ ಬಡಿದೆ. ಬಡಿದು ಶೇಂಗಾ ಹೋಳಿಗೆಗೂ ಕೈ ಹಾಕಿದೆ. ಅತ್ತೆಯ ಮುಖ ಅರಳಿತು, "ನಾ ಹೇಳಿರಲಿಲ್ಲೇನು" ಎಂದು ಮಗನಿಗೆ ಹೇಳಿದರು. ಮೂರನೆಯ ದಿನ ಹಾಸಿಗೆ ಹಿಡಿದವಳು ಮೂರು ವಾರ ಏಳಲಿಲ್ಲ. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು.

ಕಾಕಾ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ಆವರೆಗೆ ಬಾಯಾರು, ಬನ್ನಿ, ಹೋಗಿ ಎನ್ನುತ್ತಿದ್ದವರು ಅಂದು ಏಕವಚನಕ್ಕೆ ಇಳಿದರು.

"ಯವ್ವಾ, ನಲವತ್ತು ರೊಟ್ಟಿ ಯಾರು ಬಡಿ ಅಂದಿದ್ರು ನಿನಗ? ನೀ ಲೆಕ್ಕ ಕಲಸಾಕಿ, ನಿನಗ ಇಷ್ಟು ಲೆಕ್ಕ ಬರಂಗಿಲ್ಲೇನು?"

ನಾನು ಅಳುತ್ತ ಅಂದೆ, "ಅರಾಮ ಆಗಿತ್ತು ಕಾಕಾ. ಖರೇನೇ ಅರಾಮ ಆಗಿತ್ತು."

"ಅದಾ ಮೋಸ," ಎಂದರು. "ಹೊಸಾ ಖಡಿ, ಜಲ್ಲಿಕಲ್ಲು, ಹಾಕಿ ಪಟ್ರಿ ಕುಂದ್ರಿಸಿರ್ತೀವಿ. ಮ್ಯಾಲಿಂದ ನೋಡಿದ್ರ ಬರೋಬರಿ. ಒಳಗ ಖಡಿ ಇನ್ನಾ ಕುಂತಿರಂಗಿಲ್ಲ. ಅದಕ್ಕ ಕಾಶನ್ ಹಾಕ್ತೀವಿ, ಗಾಡಿ ಸಾವಕಾಶ ಬಿಡ್ರಿ ಅಂತ. ಮೊದಲ ಗಾಡಿ ತಾಸಿಗಿ ಹತ್ತು ಕಿಲೋಮೀಟರಿನ ಮ್ಯಾಲ. ಆಮ್ಯಾಲ ಇಪ್ಪತ್ತು. ಆಮ್ಯಾಲ ನಲವತ್ತೈದು. ಒಮ್ಮಿಗೇ ನೂರರ ಮ್ಯಾಲ ಬಿಟ್ರ ಮಾಡಿದ್ದೆಲ್ಲಾ ಮಣ್ಣಪಾಲು. ಹಂಗಂತ ಗಾಡಿನೇ ಬಿಡದಿದ್ರ? ಆಗನೂ ಖಡಿ ಕುಂದ್ರಂಗಿಲ್ಲ. ಹತ್ತರ ಮ್ಯಾಲ ಬಿಡಬೇಕು, ದಿನಾ ಬಿಡಬೇಕು."

ಹಾಗೆಂದು ನನ್ನ ಪುಸ್ತಕದ ಕಪಾಟಿನಿಂದ ಚಾಕ್‌ಪೀಸು ತೆಗೆದು ಬಾಗಿಲ ಚೌಕಟ್ಟಿನ ಮೇಲೆ ೧೦ ಎಂದು ಬರೆದರು. ನಾಲ್ಕನೆಯ ಇಯತ್ತೆ ಓದಿದವರ ದುಂಡನೆಯ ಅಂಕಿ.

"ಹತ್ತು ಅಂದ್ರ ಏನು ಕಾಕಾ? ಹತ್ತು ಮಿನಿಟೋ, ಹತ್ತು ಹೆಜ್ಜಿಯೋ?"

"ಹತ್ತು ಅಂದ್ರ ಹತ್ತು. ಭಾಳ ಶಾಣ್ಯಾತನ ಮಾಡಬ್ಯಾಡ."

ಗಣಿತದ ಶಿಕ್ಷಕಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಆದರೂ ವಿಚಿತ್ರವೆಂದರೆ ಹತ್ತು ಎಂದರೆ ಎಷ್ಟು ಎಂದು ನನ್ನ ಮೈಗೆ ನಾಲ್ಕೇ ದಿನದಲ್ಲಿ ತಿಳಿಯಿತು. ಬೆಳಿಗ್ಗೆ ಏಳೂವರೆಗೆ ಕಾಕಾ ಬಂದು ನನ್ನ ಕಣ್ಣು, ಕಾಲು ನೋಡಿ ಅಂಕಿ ಬರೆಯುವರು. ತಿಂಗಳುಗಟ್ಟಲೆ ಹತ್ತು. ಹತ್ತು ಎಂದರೆ ಒಂದು ಪಾತ್ರೆ ಸೊಪ್ಪು ಸೋಸುವುದು, ಅಂಗಳದ ತನಕ ಹೋಗಿ ಬರುವುದು. ಇಪ್ಪತ್ತು ಬರೆದ ದಿನ ನಾನು ಚಪ್ಪಾಳೆ ತಟ್ಟಿದೆ, ಅವರು "ಸುಮ್ಮ ಕುಂದರ್" ಎಂದರು. ಕೆಟ್ಟ ದಿನ ಇಪ್ಪತ್ತನ್ನು ಒರೆಸಿ ಹತ್ತು ಬರೆಯುವಾಗ ನನಗೆ ಕಣ್ಣೀರು ಬಂದರೆ, "ಕಾಶನ್ ಹಾಕೋದು ಶಿಕ್ಷಾ ಅಲ್ಲವ್ವಾ, ಪಟ್ರಿಗಿ ಕೊಡೋ ಇಜ್ಜತ್ ಅದು" ಎನ್ನುವರು. ಕ್ರಮೇಣ ಅತ್ತೆಯೂ ಆ ಅಂಕಿಯನ್ನು ಓದತೊಡಗಿದರು. ಒಂದು ದಿನ ಬಂದ ನೆಂಟರಿಗೆ ಬಾಗಿಲಲ್ಲೇ ಅಡ್ಡ ನಿಂತು, "ಆಕಿಗಿ ಇವತ್ತ ಹತ್ತೇ ಅದ, ಭಾಳ ಮಾತಾಡಸಬ್ಯಾಡ್ರಿ" ಎಂದರು. ಆವತ್ತು ಒಳಗೆ ಮಲಗಿದ್ದವಳು ನಕ್ಕು ನಕ್ಕು ಹತ್ತನ್ನೆಲ್ಲ ಖರ್ಚು ಮಾಡಿಕೊಂಡೆ.

ಒಂದು ವರ್ಷದ ಮೇಲೆ ನಾನು ಅಂದೆ, "ಕಾಕಾ, ನನಗ ತಲಿ ತಿಳಿ ಆಗ್ಯಾದ. ಲೆಕ್ಕ ಎಲ್ಲಾ ಬರಾಕತ್ತಾವ. ಇನ್ನ ಸಾಲಿಗಿ ಹೋಗ್ತೀನಿ."

ಅವರು ತಲೆ ಅಲ್ಲಾಡಿಸಿದರು. "ಕಾಶನ್ ಮುಗಿದಲ್ಲಿ ಒಂದು ಬೋರ್ಡ್ ಇರ್ತದ. ಇಂಜಿನ್ ಬೋರ್ಡ್ ದಾಟಿದ ಕೂಡಲೇ ಡ್ರೈವರ್ ಸ್ಪೀಡ್ ತಗೋಬಾರದು. ಕಡೀ ಡಬ್ಬಿ ದಾಟಬೇಕು. ಅಲ್ಲೀತನ ಹತ್ತು ಅಂದ್ರ ಹತ್ತಾ. ನಿನ್ನ ಇಂಜಿನ್ ದಾಟ್ಯಾದ ಯವ್ವಾ. ಡಬ್ಬಿ ಇನ್ನಾ ಹಿಂದ ಅದಾವ."

ಈ ಮಾತನ್ನು ನಾನು ಕಲಬುರಗಿಯ ಆ ವೈದ್ಯೆಗೆ ಹೇಳಿದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ಕಾಕಾಗೆ ಇದನ್ನು ತಿಳಿಸಿದ್ದು ನನ್ನ ತಪ್ಪು. ವಾಡಿಯ ಅರ್ಧ ಊರಿಗೆ ಅದನ್ನು ಹೇಳಿಕೊಂಡು ತಿರುಗಿದರು.

ಇಷ್ಟೆಲ್ಲ ನನಗಾಗಿ ಏಕೆ ಎಂದು ಒಮ್ಮೆ ಕೇಳಿದೆ. ಮಾತು ತೇಲಿಸಲು ನೋಡಿದರು. ನಾನು ಬಿಡಲಿಲ್ಲ. ಚಹಾದ ಬಟ್ಟಲು ನೆಲಕ್ಕಿಟ್ಟು ಅಂದರು, "ನನ್ನ ಹೆಂಡತಿನೂ ಹಿಂಗೇ ಇದ್ಲು. ಎದ್ದರ ಕುಂದರ್ತಾಳ, ಕುಂತರ ಮಲಗತಾಳ. ನಾ ಡ್ಯೂಟಿ ಮುಗಿಸಿ ಬಂದು, ಏನು ದಿನಾ ನಿಂದು ನಾಟಕ ಅಂತಿದ್ದೆ. ಮರು ಮಾತಾಡದೇ ಎದ್ದು ರೊಟ್ಟಿ ಬಡಿತಿದ್ಲು. ಆಕಿ ಹೋಗಿ ಹದಿನೆಂಟ ವರ್ಷ ಆತು. ಏನು ರೋಗ ಇತ್ತೋ ಇವತ್ತಿಗೂ ಗೊತ್ತಿಲ್ಲ. ಪಟ್ರಿಗಿ ಕಿವಿ ಹಚ್ಚಿ ಕೇಳ್ತಿದ್ದೆ ನಾನು. ಆಕಿ ಮಾತು ಕೇಳಲಿಲ್ಲ."

 ಆ ಜಂಬದ ಮನುಷ್ಯ ತನ್ನ ತಪ್ಪನ್ನು ತನಗಿಂತ ಅರ್ಧ ವಯಸ್ಸಿನವಳ ಮುಂದೆ ಇಷ್ಟು ನೇರವಾಗಿ ಇಟ್ಟದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಒಂದೂ ಗಾಡಿ ಕೆಳಗಿಳಿದಿಲ್ಲ ಎಂಬ ಅವರ ಮಾತಿಗಿಂತ ಈ ಮಾತಿನ ಬಗ್ಗೆ ನನಗೆ ಹೆಚ್ಚು ಹೆಮ್ಮೆ.

ಕೆಲವು ತಿಂಗಳ ನಂತರ, ಕಾಕಾ ಒಪ್ಪಿ ನಾನು ಶಾಲೆಗೆ ಮರಳಿದ ದಿನ ಅವರೂ ಪ್ಯಾಸೆಂಜರಿನಲ್ಲಿ ಬಂದರು. ಗಾಡಿ ತಮ್ಮ ಬೀಟಿನ ಮೇಲೆ ಹೋಗುವಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ನಮ್ಮ ಹೆಡ್‌ಮಾಸ್ತರು ದೊಡ್ಡ ಮನಸ್ಸು ಮಾಡಿ ಮೊದಲಿಗೆ ನನಗೆ ದಿನಕ್ಕೆ ಎರಡೇ ಪೀರಿಯಡ್ ಹಾಕಿದ್ದರು. ತರಗತಿಯಲ್ಲಿ ಕುರ್ಚಿ ಇಡಿಸಲು ಮಾತ್ರ ನನಗೇ ನಾಚಿಕೆ. ನಿಂತು ಕಲಿಸದವಳು ಎಂಥ ಶಿಕ್ಷಕಿ ಎಂದು ನನ್ನ ತಲೆಯಲ್ಲಿತ್ತು. ಕಾಕಾ ಸ್ಟಾಫ್ ರೂಮಿನಿಂದ ತಾವೇ ಒಂದು ಕುರ್ಚಿ ಎತ್ತಿಕೊಂಡು ಬಂದು ಕರಿಹಲಗೆಯ ಪಕ್ಕ ಇಟ್ಟರು. ಎಂಟನೆಯ ತರಗತಿಯ ಐವತ್ತು ಮಕ್ಕಳು ನೋಡುತ್ತಿದ್ದಾರೆ.

"ನಿಂತು ಕಲಿಸಿದ್ರ ಲೆಕ್ಕದ ಉತ್ತರ ಬ್ಯಾರೆ ಬರ್ತದೇನು?" ಎಂದು ನನ್ನನ್ನು ಕೇಳಿದರು.

ಮಕ್ಕಳು "ಇಲ್ರಿ" ಎಂದು ಕೂಗಿದರು. ನಾನು ಕೂತೆ. ಭಿನ್ನರಾಶಿ ಶುರು ಮಾಡಿದೆ.

ಎರಡು ಪೀರಿಯಡ್ಡು ಮೂರಾಗಲು ಐದು ತಿಂಗಳು, ಮೂರು ನಾಲ್ಕಾಗಲು ಇನ್ನೂ ಹೆಚ್ಚು. ನಡುವೆ ಎರಡು ಸಲ ಹಾಸಿಗೆ ಹಿಡಿದೆ, ಎರಡು ಸಲವೂ ಹತ್ತರಿಂದ ಶುರು. ಪೂರ್ತಿ ದಿನದ ಕೆಲಸ ಮುಗಿಸಿ ಬಂದ ಸಂಜೆ ಕಾಕಾಗೆ ಹೇಳಿದೆ. ನನ್ನನ್ನು ಹೊಗಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಚಹಾದ ಅಂಗಡಿಯಿಂದ ಅವರ ದನಿ ನಮ್ಮ ಮನೆಗೇ ಕೇಳಿಸುತ್ತಿತ್ತು, "ನಮ್ಮ ಬಾಯಾರ ಗಾಡಿ ಇವತ್ತ ಲೈನಿಗಿ ಬಂತು ನೋಡ್ರಿ!"

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ. ಎದೆಬಡಿತ ನಿಂತಿತ್ತು.

ಮರುದಿನ ಮುಂಜಾನೆ ವಿಹಾರದವರು ಪಂಚಶೀಲ ಹೇಳಿದರು, ಹಳೆಯ ಗ್ಯಾಂಗಿನವರೆಲ್ಲ ಬಂದರು. ಸ್ಮಶಾನ ರೈಲ್ವೆ ಗೇಟಿನ ಆಚೆ, ಒಂದೂವರೆ ಕಿಲೋಮೀಟರು. ಆಟೋದಲ್ಲಿ ಬಾ ಎಂದರು ನನ್ನ ಗಂಡ. ನಾನು ಅವರ ಹಿಂದೆ ನಡೆದೇ ಹೋಗುತ್ತೇನೆ ಎಂದೆ. ಅವರ ಮಗಳ ಕೈ ಹಿಡಿದು ನಡೆದೆ. ಗೇಟು ದಾಟಿದ ಮೇಲೆ ನನ್ನ ತೊಡೆಯಲ್ಲಿ ಆ ಹಳೆಯ ನಡುಕ ಬಂತು. ಮೊದಲಿನವಳಾಗಿದ್ದರೆ ಹಲ್ಲು ಕಚ್ಚಿ ನಡೆಯುತ್ತಿದ್ದೆ. ಅಂದು ಇಡೀ ಊರಿನ ಮುಂದೆ, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಹಿಂದೆ ಬರುತ್ತಿದ್ದ ಯಾರೋ ಹೆಂಗಸು, "ಇಷ್ಟರಾಗೇ ದಣದ್ರಾ?" ಎಂದಳು. ಹೆಣ ಹೊತ್ತಿದ್ದ ಗ್ಯಾಂಗಿನ ಮುದುಕನೊಬ್ಬ ತಿರುಗಿ ನೋಡಿ ಉಳಿದವರಿಗೆ ಕೂಗಿದ, "ಇಳಸ್ರೋ. ಬಾಯಾರು ಕುಂತಾರ."

ನಾಲ್ವರೂ ಬೇವಿನ ನೆರಳಿಗೆ ಕಾಕಾರನ್ನು ಇಳಿಸಿದರು. ಹೆಗಲು ಬದಲಿಸಿಕೊಂಡರು, ನೀರು ಕುಡಿದರು. ಯಾರೂ ನನ್ನನ್ನು ಅವಸರ ಮಾಡಲಿಲ್ಲ. ನಾನು ಎದ್ದು ನಿಂತ ಮೇಲೆಯೇ ಅವರನ್ನು ಎತ್ತಿದರು. ಉಳಿದ ದಾರಿಯನ್ನು ನಾನು ನಡೆದು ಮುಗಿಸಿದೆ, ಮೂರು ಹಿಡಿ ಮಣ್ಣು ಹಾಕಿದೆ.

ಮರುದಿನ ಏಳಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಂಜೆಯೇ ಹೆಡ್‌ಮಾಸ್ತರಿಗೆ ರಜೆ ಚೀಟಿ ಬರೆಯಲು ಕೂತೆ. ಅಲ್ಲಿ ನಾವೆಲ್ಲ 'ಅನಿವಾರ್ಯ ಕಾರಣಗಳಿಂದ' ಎಂದು ಬರೆಯುವ ರೂಢಿ. ನಾನು ಒಂದು ಕ್ಷಣ ಪೆನ್ನು ಹಿಡಿದು ಯೋಚಿಸಿ, ಕಾರಣ ಎಂಬಲ್ಲಿ 'ದಣಿದಿದ್ದೇನೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ.