ಬುರಾನುದ್ದೀನನ ಮಿಕ್ಸರು ಗುಂಯ್ ಎನ್ನುವುದನ್ನು ಬಿಟ್ಟ ದಿನ

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಬುರಾನುದ್ದೀನ ಯಾವ ಯುದ್ಧಕ್ಕೂ ಹೋದವನಲ್ಲ. ಆದರೂ ಹದಿನಾಲ್ಕು ವರ್ಷ ಒಬ್ಬನೇ ಒಬ್ಬ ಶತ್ರುವಿನ ವಿರುದ್ಧ ಹೋರಾಡಿದ. ಶತ್ರುವಿನ ಹೆಸರು ಗುಂಯ್.

ಸೊಲ್ಲಾಪುರದಲ್ಲಿ ಮುಚ್ಚಿಹೋದ ನಾಟಕ ಕಂಪನಿಯೊಂದರಿಂದ ಅವನು ತಂದ ಮಿಕ್ಸರಿನ ಹೊಟ್ಟೆಯಲ್ಲಿ ಈ ಶತ್ರು ವಾಸವಾಗಿದ್ದ. ಆರು ಮೈಕುಗಳ ದನಿಯನ್ನು ಕೂಡಿಸಿ ಒಂದು ಮಾಡುವ, ಎಮ್ಮೆಗರುವಿನಷ್ಟು ಭಾರದ ವಿಲಾಯತಿ ಪೆಟ್ಟಿಗೆ ಅದು. ಸ್ವಿಚ್ ಹಾಕಿದರೆ ಮದುಮಗನ ಹೆಸರಿಗಿಂತ ಮೊದಲು ಗುಂಯ್ ಬರುತ್ತಿತ್ತು. ಗುಂಡಿ ತಿರುಗಿಸಿ ದನಿ ಏರಿಸಿದರೆ ಅದೂ ಏರುತ್ತಿತ್ತು. ಹಾಗಾಗಿ ಬುರಾನುದ್ದೀನ ಗುಂಡಿಯನ್ನು ಕಾಲು ಭಾಗಕ್ಕಿಂತ ಹೆಚ್ಚು ತಿರುಗಿಸಿದ್ದೇ ಇಲ್ಲ. ಮಾತಾಡುವವರು ಮೈಕನ್ನು ನುಂಗುವ ಹಾಗೆ ಬಾಯಿಗಿಟ್ಟು ಒದರುತ್ತಿದ್ದರು.

೧೯೮೬ರ ಬೇಸಿಗೆಯಲ್ಲಿ ಕಿಣ್ಣಿ ಸುಲ್ತಾನದ ಜಮೀನುದಾರ ಬಸವಂತರಾಯರು ಅವನನ್ನು ಕರೆಸಿದರು.

"ಬುರಾನ್, ಈ ವರ್ಷ ನಮ್ಮ ಮನ್ಯಾಗ ಮೂರು ಲಗ್ನ ಅವ. ಮೊದಲನೇದಕ್ಕ ನೀ ಬಾ. ನಿನ್ನ ಪೆಟಗಿ ಗುಂಯ್ ಅಂದ್ರ ಉಳಿದ ಎರಡಕ್ಕ ಅಫಜಲಪುರದ ಸೆಟ್ ತರಸ್ತೇನಿ."

"ಅನ್ನೂದಿಲ್ರಿ ಧಣಿ" ಎಂದು ಮಾತು ಕೊಟ್ಟು ಬಂದ. ಹೇಗೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮೂರು ದಿನ ಮಿಕ್ಸರಿನ ಕರುಳು ಹರವಿಕೊಂಡು ಕುಳಿತ. ಕಡೆಗೆ ಕಳ್ಳ ಸಿಕ್ಕ. ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು ಮೈಕಿನ ತಂತಿಗಳಿಗೆ ಹೆಗಲು ಹಚ್ಚಿ ಕುಳಿತಿತ್ತು. ಅದರ ನಡುಕವೆಲ್ಲ ಇವಕ್ಕೆ ಅಂಟುತ್ತಿತ್ತು. ಅದಕ್ಕೆ ಪರಿವಾರ ಸಮೇತ ಬೇರೆ ಮನೆ ಮಾಡಿಸಿ, ನಡುವೆ ಆರಡಿ ಉದ್ದದ ದಪ್ಪ ಕೇಬಲ್ ಹಾಕಿದರೆ ಸಂಸಾರ ಸರಿಹೋದೀತು. ಬಿಚ್ಚುವಾಗ, ಪ್ಲಗ್ ಕಿತ್ತು ಎಷ್ಟೋ ಹೊತ್ತಾಗಿದ್ದರೂ ಒಂದು ಕಪ್ಯಾಸಿಟರು ಅವನ ಬೆರಳಿಗೆ ಬಡಿದೇಬಿಟ್ಟಿತು. ಕರೆಂಟು ಹೋದರೂ ಸಿಟ್ಟು ಇಟ್ಟುಕೊಳ್ಳುವ ಸ್ವಭಾವ ಅದರದು.

ಬೇರೆ ಮನೆಯಾಗಿ ಸಿಕ್ಕಿದ್ದು ಹೆಂಡತಿ ಮೆಹರಾಜಬೇಗಂ ಬಳೆ ಇಡುತ್ತಿದ್ದ ಗುಲಾಬಿ ಹೂವಿನ ಸಣ್ಣ ಕಬ್ಬಿಣದ ಟ್ರಂಕು.

"ನನ್ನ ತವರುಮನಿ ಟ್ರಂಕಿಗೆ ತೂತು ಹೊಡದ್ರಿ?"

"ಒಳಗ ಬಿಸಿ ಆಗ್ತದ, ಅದಕ್ಕ ಗಾಳಿ ಬೇಕು."

"ಅಡಗಿ ಮನಿಗೆ ಒಂದು ಕಿಟಕಿ ಇಡಸ್ರಿ ಅಂತ ಲಗ್ನ ಆದಾಗಿಂದ ಕೇಳಾಕತ್ತೇನಿ. ನನಗ ಗಾಳಿ ಬ್ಯಾಡೇನು?"

ವೀರ ತಲೆ ಬಗ್ಗಿಸಿ ಟ್ರಂಕಿಗೆ ಇನ್ನೊಂದು ತೂತು ಹೊಡೆದ.

ಲಗ್ನದ ದಿನ ಬೇವಿನ ಮರಕ್ಕೆ ನಾಲ್ಕು ಹಾರ್ನ್ ಸ್ಪೀಕರು ಕಟ್ಟಿ ಸ್ವಿಚ್ ಹಾಕಿದ. ಸದ್ದಿಲ್ಲ. ಮಿಕ್ಸರು ಸತ್ತಿತೆಂದು ಅವನ ಎದೆ ಒಡೆಯಿತು. ಮೈಕಿಗೆ ಬೆರಳು ತಾಗಿಸಿದರೆ ಗುಡುಗು! ಹದಿನಾಲ್ಕು ವರ್ಷದ ಸೇಡು ತೀರಿಸಿಕೊಳ್ಳುವವನ ಹಾಗೆ ಗುಂಡಿಯನ್ನು ಮುಕ್ಕಾಲು ಭಾಗಕ್ಕೆ ತಿರುಗಿಸಿಬಿಟ್ಟ.

ಅಕ್ಕಿಕಾಳು ಹಾಕುವ ಶಾಸ್ತ್ರ ಮುಗಿದು ಆಯೇರಿ ಶುರುವಾಯಿತು. ಯಾರು ಯಾವ ಬಟ್ಟೆ ಉಡುಗೊರೆ ತಂದರೆಂದು ಮೈಕಿನಲ್ಲಿ ಕೂಗದಿದ್ದರೆ ನಮ್ಮ ಕಡೆ ಲಗ್ನ ಆದಂತೆಯೇ ಅಲ್ಲ. ಕೂಗುವವರು ದೇವೀಂದ್ರಪ್ಪ ಮಾಸ್ತರರು. ಬಟ್ಟೆ ಇಸಿದುಕೊಳ್ಳುವವರು ಬಸವಂತರಾಯರ ಅಕ್ಕ ಸುಭದ್ರಾಬಾಯಿ. ಪ್ರತಿ ಬಟ್ಟೆಗೂ ಮೆಲ್ಲಗೆ ಒಂದು ಮಾತು ಆಡುವುದು ಆಕೆಯ ರೂಢಿ. ಇಷ್ಟು ವರ್ಷ ಅದನ್ನೆಲ್ಲ ಗುಂಯ್ ನುಂಗಿಕೊಂಡು ಬಂದಿತ್ತು.

"ಜೇವರ್ಗಿ ಬೀಗರು ಅಂಬಾರಾಯರಿಂದ ಮದುಮಗಳಿಗೆ ಒಂದು ಇಳಕಲ್ ಸೀರೆ!"

ಮರುಕ್ಷಣ ಬೇವಿನ ಮರ ಸುಭದ್ರಾಬಾಯಿಯ ದನಿಯಲ್ಲಿ ಪಿಸುಗುಟ್ಟಿತು: "ಮಾಸ್ತರ, ಇದು ಇವರ ಮಗಳ ಲಗ್ನಕ್ಕ ನಾವ ಕೊಟ್ಟ ಸೀರಿ. ನೋಡ್ರಿ, ಸೆರಗಿನಾಗ ಇಲಿ ಕಡದದ್ದು ಹಂಗ ಅದ."

ಹಂದರ ಕಲ್ಲಾಯಿತು. ಬಡಿಸುವವನ ಸೌಟು ಗಾಳಿಯಲ್ಲಿ ನಿಂತಿತು. ಪಂಕ್ತಿಯಲ್ಲಿ ಕುಳಿತಿದ್ದ ನನ್ನ ಕೈಯ ಹೋಳಿಗೆ ಬಾಯಿಗೆ ಬರುವ ದಾರಿಯಲ್ಲೇ ಬಿಡಾರ ಹೂಡಿತು. ದೂರದ ಹೊಲದಲ್ಲಿ ಎತ್ತು ಬಿಟ್ಟವನೊಬ್ಬ ಊರ ಕಡೆ ತಿರುಗಿ ನೋಡುತ್ತಿದ್ದ.

"ಬಂದ್ ಮಾಡಲೇ ಬುರಾನ್!" ಬಸವಂತರಾಯರು ಚೀರಿದರು.

ಟ್ರಂಕಿನ ಕೇಬಲ್ ಎಳೆದರೆ ಮುಗಿದಿತ್ತು. ಬುರಾನುದ್ದೀನ ಕಣ್ಣು ಮುಚ್ಚಿ ಹಾರ್ನಿನ ಕಡೆ ಕಿವಿ ಮಾಡಿ ಕುಳಿತಿದ್ದ.

"ಒಂದು ಮಿನಿಟ್ರಿ ಧಣಿ. ಗುಂಯ್ ಎಲ್ಲ್ಯರ ಕೇಳಸ್ತದೇನ್ರಿ?"

ಇದೂ ಹೊಲದವರೆಗೆ ಹೋಯಿತು. ಅಷ್ಟರಲ್ಲಿ ಅಂಬಾರಾಯರು ಎದ್ದು ಬಂದು ಮಾಸ್ತರರ ಕೈಯಿಂದ ಮೈಕ್ ಕಸಿದುಕೊಂಡರು.

"ಹೌದ್ರಿ ಅಕ್ಕಾರ, ಅದ ಸೀರಿ. ಆದ್ರ ನಮ್ಮ ಮನಿಗೆ ಬಂದಾಗ್ಲೇ ತೂತು ಇತ್ತು. ಕಡದದ್ದು ಬೀಗರ ಮನಿ ಇಲಿ ಅಂತ ಮರ್ಯಾದಿ ಕೊಟ್ಟು ಸುಮ್ನ ಇಟಗೊಂಡಿದ್ವಿ."

ಸುಭದ್ರಾಬಾಯಿಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಆಕೆಯ ಆಯುಷ್ಯದಲ್ಲೇ ಅದು ಮೊದಲ ಸಲವೆಂದು ಆಮೇಲೆ ಊರವರು ಲೆಕ್ಕ ಹಾಕಿದರು. ಹೆಣ್ಣುಮಕ್ಕಳ ಕಡೆಯಿಂದ ಯಾರೋ ಕಿಸಕ್ಕೆಂದರು. ಮುಂದಿನ ಕಾಲು ತಾಸು ನಗೆಯ ಅಬ್ಬರದಲ್ಲಿ ಯಾವ ಆಯೇರಿಯೂ ಯಾರಿಗೂ ಕೇಳಿಸಲಿಲ್ಲ.

ಸಂಜೆ ಬುರಾನುದ್ದೀನ ವೈರು ಸುತ್ತುವಾಗ ಬಸವಂತರಾಯರು ಬಂದರು. ಪ್ಲಗ್ ಕಿತ್ತಿದೆಯೆಂದು ಸ್ವತಃ ಮುಟ್ಟಿ ನೋಡಿದ ಮೇಲೆಯೇ ಬಾಯಿ ಬಿಟ್ಟರು.

"ಗುಂಯ್ ಅನ್ನಲಿಲ್ಲ."

"ಅನ್ನಲಿಲ್ರಿ."

"ಮಾತಂದ್ರ ಮಾತು. ಉಳಿದ ಎರಡೂ ಲಗ್ನ ನಿನ್ನವ." ಎರಡು ಹೆಜ್ಜೆ ಹೋಗಿ ತಿರುಗಿದರು. "ಆಯೇರಿಗೆ ಮಾತ್ರ ಮೈಕ್ ಬ್ಯಾಡ. ಮಾಸ್ತರ ಬರೇ ಬಾಯಿಲೇ ಒದರ್ಲಿ."