ರೋಮನ್ ತೂಕದ ಗುಂಡಿಗೆ ಹುಣಸೆಹಣ್ಣು ತಿಕ್ಕಿ ಫ್ಲಶಿಂಗ್‌ಗೆ ಹೋದದ್ದು

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಜರ್ಸಿ ಸಿಟಿಯ ಗ್ರೋವ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಒಂದೂವರೆ ಡಾಲರ್ ಕೊಟ್ಟು ಪಾತ್ ರೈಲು ಹತ್ತಿದಾಗ ನಾನು ಬಹಳ ಖುಷಿಯಲ್ಲಿದ್ದೆ. ಆ ಖುಷಿ ಹೋಬೋಕನ್‌ವರೆಗೆ ಬಾಳಿತು. ಹೊರಗೆ ಫೆಬ್ರವರಿಯ ಗಾಳಿ ಕಿವಿ ಕಿತ್ತುಹಾಕುವಂತಿತ್ತು. ತೊಡೆಯ ಮೇಲೆ ಮರದ ಪೆಟ್ಟಿಗೆ, ಅದರೊಳಗೆ ಸುಮಾರು ಎರಡು ಸಾವಿರ ವರ್ಷದ ರೋಮನ್ ತೂಗುಕೋಲು.

ಅದು ನನ್ನ ಮ್ಯಾನೇಜರ್ ಕೀತ್‌ನದು. ಇಂಗ್ಲೆಂಡಿನವನು. ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ಅಣ್ಣನ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ತಿರುಗುತ್ತಿದ್ದ. ವರ್ಷಗಟ್ಟಲೆ ತುಕ್ಕುಮೊಳೆ, ಕುದುರೆ ಲಾಳ ಆಯ್ದ ಮೇಲೆ ಇದು ಸಿಕ್ಕಿತ್ತು: ಒಂದೂವರೆ ಗೇಣು ಉದ್ದದ ಕಂಚಿನ ಕೋಲು, ಮೈಮೇಲೆ ಗೀಟುಗಳು, ತುದಿಯಲ್ಲಿ ಸಾಮಾನು ನೇತುಹಾಕುವ ಕೊಕ್ಕೆ, ಗೀಟಿನಿಂದ ಗೀಟಿಗೆ ಸರಿಸುವ ಒಂದು ತೂಕದ ಗುಂಡು. ಗುಂಡೆಂದರೆ ನಿಂಬೆಹಣ್ಣಿನ ಗಾತ್ರದ ಒಬ್ಬ ಹೆಂಗಸಿನ ತಲೆ. ಅಲ್ಲಿನ ಮ್ಯೂಸಿಯಂನವರು ನೋಡಿ, ಕಾಗದಪತ್ರ ಮಾಡಿ ಅವನಿಗೇ ಮರಳಿಸಿದ್ದರು. ಫ್ಲಶಿಂಗ್‌ನಲ್ಲಿದ್ದ ಒಬ್ಬ ನಿವೃತ್ತ ಪುರಾತತ್ವ ಪ್ರೊಫೆಸರಮ್ಮ ಇಂಥವುಗಳ ದೊಡ್ಡ ಪಟ್ಟಿಯ ಪುಸ್ತಕ ಬರೆಯುತ್ತಿದ್ದರು. ಅವರಿಗೆ ಇದನ್ನು ತೋರಿಸಬೇಕಿದ್ದ ಕೀತ್‌ನ ಕಾಲು ಉಳುಕಿತ್ತು. ನಾನು ಪ್ರತಿ ಶನಿವಾರ ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿಗೆ ದೋಸೆಗೆ ಹೋಗುವವನೆಂದು ಇಡೀ ಆಫೀಸಿಗೆ ಗೊತ್ತಿತ್ತು. ಪೆಟ್ಟಿಗೆ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಸ್ನಾನ ಮಾಡಿ ತೆರೆದು ನೋಡಿದರೆ ಆ ತಲೆ ಕಪ್ಪು ಹಸಿರಾಗಿ, ಹೊಲದ ಮಣ್ಣು ಕಚ್ಚಿಕೊಂಡು ಕೂತಿತ್ತು. ಇಷ್ಟು ಕೊಳಕನ್ನು ಓದಿದವರ ಕೈಗೆ ಕೊಡುವುದೇ? ಹಬ್ಬದ ಹಿಂದಿನ ದಿನ ನಮ್ಮನೆಯಲ್ಲಿ ದೀಪದ ಕಂಬ ತಿಕ್ಕುವುದು ನನ್ನದೇ ಕೆಲಸವಾಗಿತ್ತು. ರೂಮ್‌ಮೇಟ್‌ನ ಸಾರಿಗಿಟ್ಟ ಹುಣಸೆಹಣ್ಣು, ಒಂದು ಹಿಡಿ ಉಪ್ಪು, ಅರ್ಧ ಗಂಟೆ. ತಲೆ ಥಳಥಳ ಹೊಳೆಯಿತು. ಕೋಲಿಗೂ ತಿಕ್ಕಬೇಕೆಂದಿದ್ದೆ, ಅಷ್ಟರಲ್ಲಿ ಹುಣಸೆಹಣ್ಣು ಮುಗಿದುಹೋಯಿತು.

ಹೋಬೋಕನ್‌ನಲ್ಲಿ ರೈಲು ಹತ್ತು ನಿಮಿಷ ನಿಂತಿತು. ಹೊತ್ತು ಹೋಗದೆ ಪೆಟ್ಟಿಗೆಯ ಮುಚ್ಚಳದಲ್ಲಿದ್ದ ಚೀಟಿ ಬಿಡಿಸಿದೆ. ಕೀತ್ ಬರೆದಿದ್ದ: ತೊಳೆಯಬೇಡಿ, ಒರೆಸಬೇಡಿ, ಹಸಿರು ಪದರವೇ ಇದರ ಚರ್ಮ.

ನಾನು ಅದರ ಚರ್ಮ ಸುಲಿದಿದ್ದೆ.

ನನ್ನ ವೀಸಾ ಮೂರು ವಾರದಲ್ಲಿ ಮುಗಿಯುವುದಿತ್ತು. ಇನ್ನು ಮೂರು ವರ್ಷಕ್ಕೆ ಮುಂದುವರಿಸುವ ಪತ್ರಕ್ಕೆ ಸೋಮವಾರ ಸಹಿ ಹಾಕಬೇಕಾದವನು ಇದೇ ಕೀತ್. ಮೂವತ್ಮೂರನೇ ಸ್ಟ್ರೀಟಿನಲ್ಲಿ ಇಳಿದು ಟೈಮ್ಸ್ ಸ್ಕ್ವೇರ್‌ವರೆಗೆ ಆ ಚಳಿಯಲ್ಲೂ ಬೆವರುತ್ತಾ ನಡೆದೆ. ದಾರಿಯುದ್ದಕ್ಕೂ ಸುಳ್ಳು ಹೊಸೆದೆ. 'ನನಗೆ ಕೊಟ್ಟಾಗಲೇ ಹೀಗಿತ್ತು' ಎಂಬುದು ಎಲ್ಲಕ್ಕಿಂತ ಚಿಕ್ಕದಾಗಿತ್ತು, ಅದನ್ನೇ ಇಟ್ಟುಕೊಂಡೆ.

ಸಬ್‌ವೇ ಬಾಗಿಲಲ್ಲಿ ಪೊಲೀಸರು ಮೇಜು ಹಾಕಿಕೊಂಡು ಬ್ಯಾಗು ತಪಾಸಣೆ ಮಾಡುತ್ತಿದ್ದರು. ಕೊಕ್ಕೆಯ ಕೋಲು, ಹೊಳೆಯುವ ರುಂಡ, ನಡುಗುವ ನಾನು, ಮೂರನ್ನೂ ಒಬ್ಬ ನಿಧಾನವಾಗಿ ನೋಡಿದ. ಎರಡು ಸಾವಿರ ವರ್ಷ ಹಳೆಯದು ಎಂದೆ. ಹೊಸದರ ಹಾಗಿದೆಯಲ್ಲ ಎಂದು ನಕ್ಕು ಬಿಟ್ಟುಕೊಟ್ಟ. ಅವನು ಅರೆಸ್ಟ್ ಮಾಡಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ಎರಡು ಡಾಲರ್, ಮುಕ್ಕಾಲು ಗಂಟೆ, ಕೊನೆಯ ಸ್ಟಾಪು ಫ್ಲಶಿಂಗ್. ಅಲ್ಲಿಂದ ಇಪ್ಪತ್ತು ನಿಮಿಷ ನಡೆದು ಕ್ಯಾಂಟೀನು ತಲುಪಿ ಮಸಾಲೆ ದೋಸೆ ತೆಗೆದುಕೊಂಡೆ. ಮುರಿಯದೆ ಹಾಗೇ ಇಟ್ಟುಕೊಂಡು ಕೂತೆ. ಎದುರಿಗೆ ಕೂತಿದ್ದ ಹುಬ್ಬಳ್ಳಿಯ ಅಂಕಲ್ ಕೇಳಿದರು, "ಯಾಕೋ ತಮ್ಮಾ, ದೋಸಿ ಮುಂದ ಇಟ್ಕೊಂಡು ಅಳಾಕತ್ತೀಯಲ್ಲ?"

ಎಲ್ಲ ಹೇಳಿಬಿಟ್ಟೆ, ಸುಳ್ಳಿನ ಪ್ಲಾನು ಸಮೇತ. ಅವರು ಪೆಟ್ಟಿಗೆ ಮೂಸಿದರು.

"ನಮ್ಮವ್ವ ಇದ್ದಿದ್ರ ಶಭಾಷ್ ಅಂತಿದ್ಲು. ಛಲೋ ತಿಕ್ಕೀದಿ. ಆದ್ರ ಸುಳ್ಳು ಹೇಳಾಕ ಹೋಗಬ್ಯಾಡ. ಈ ಅಳು ಮಾರಿ ಇಟ್ಕೊಂಡು ಸುಳ್ಳು ಹೇಳೂದು ನಿನಗ ಆಗೂದಿಲ್ಲ."

"ವೀಸಾ ಹೋದ್ರೆ ಏನ್ಮಾಡ್ಲಿ ಅಂಕಲ್?"

"ಮೊದ್ಲ ದೋಸಿ ತಿನ್ನು."

ಪ್ರೊಫೆಸರಮ್ಮನ ಮನೆ ಎರಡು ಬೀದಿ ಆಚೆ. ಕನ್ನಡಕದ ಮೇಲಿಂದ ತಲೆಯನ್ನು ನೋಡಿ ಅವರು ಒಂದು ಕಡತ ಬಿಚ್ಚಿದರು. ಕೀತ್ ಹೊಲದಿಂದ ತೆಗೆದ ವಾರವೇ ತೂಗಿ ಬರೆದಿಟ್ಟ ಕಾಗದ ಅದರಲ್ಲಿತ್ತು. ಗುಂಡನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರು. ನಾಲ್ಕು ಗ್ರಾಂ ಕಡಿಮೆ. ಆಮೇಲೆ ಮೆಲ್ಲಗೆ ಹೇಳಿದರು: ಡಿಟೆಕ್ಟರ್ ಹಿಡಿದು ಅಗೆಯುವವರೆಲ್ಲ ಸಿಕ್ಕಿದ್ದನ್ನು ಉಜ್ಜಿ ಹಾಳು ಮಾಡುತ್ತಾರೆ, ಕೀತ್ ಒಬ್ಬ ಹಾಗಲ್ಲ ಎಂದುಕೊಂಡಿದ್ದೆ, ಇನ್ನು ಅವನು ನನಗೆ ಏನನ್ನೂ ಕಳಿಸುವುದು ಬೇಡ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಸುಳ್ಳನ್ನು ಅವರೇ ಹೇಳಿ ಮುಗಿಸಿದ್ದರು.

"ಕೀತ್ ಅಲ್ಲ, ನಾನು," ಎಂದೆ.

ಅವರು ಬೈಯಲಿಲ್ಲ. ಫೋನು ಒತ್ತಿ ನನ್ನ ಕೈಗೆ ಕೊಟ್ಟರು. ಕೀತ್‌ಗೆ ನಾನೇ ಹೇಳಿದೆ, ಉಪ್ಪಿನ ಅಳತೆ ಸಮೇತ. ಫೋನು ಸತ್ತಿತೆಂದುಕೊಂಡೆ, ನನ್ನ ಕೆಲಸವೂ ಸತ್ತಿತೆಂದುಕೊಂಡೆ. ಕೊನೆಗೆ ಅವನು ಕೇಳಿದ್ದು ಒಂದೇ: ಆಕೆ ಇನ್ನೂ ನನ್ನೊಡನೆ ಮಾತಾಡುತ್ತಾಳಾ? ಪ್ರೊಫೆಸರಮ್ಮ ತಲೆಯಾಡಿಸಿದರು. ಹೌದೆಂದೆ. ಹಾಗಾದರೆ ಸೋಮವಾರ ಪತ್ರ ತಗೊಂಡು ಬಾ, ಸಹಿ ಹಾಕುತ್ತೇನೆ, ಒಂದು ತಿಂಗಳು ನನ್ನ ಕಣ್ಣಿಗೆ ಬೀಳಬೇಡ ಎಂದು ಫೋನಿಟ್ಟ.

ಹೊರಡುವಾಗ ಪ್ರೊಫೆಸರಮ್ಮ ನನ್ನ ಹೆಸರಿನ ಸ್ಪೆಲಿಂಗ್ ಕೇಳಿ, ಪಟ್ಟಿಯಲ್ಲಿ ಆ ಗುಂಡಿನ ಪಕ್ಕ ಬರೆದುಕೊಂಡರು: ಹುಣಸೆಹಣ್ಣಿನಿಂದ ತೊಳೆದವನು ಇಂಥವನು. ಪುಸ್ತಕದಲ್ಲೂ ಹೀಗೇ ಬರುತ್ತದಂತೆ.

ಮರಳುವ ರೈಲು ಸುರಂಗದಿಂದ ಮೇಲೆ ಬಂದಾಗ ತಿರುಗಿ ಫ್ಲಶಿಂಗ್‌ನ ಮನೆಗಳನ್ನು ನೋಡಿದೆ. ಸಹಿ ಸಿಗುತ್ತದೆಂದು ಗೊತ್ತಾಗಿತ್ತು. ಆದರೆ ವೀಸಾ ಮೂರೇ ವರ್ಷದ್ದು. ಅಮೆರಿಕಾದಲ್ಲಿ ನಾನು ಖಾಯಂ ಆದದ್ದು ಪ್ರೊಫೆಸರಮ್ಮನ ಪಟ್ಟಿಯ ಆ ಒಂದು ಸಾಲಿನಲ್ಲಿ ಮಾತ್ರ.